ಗಾಳದ ತುದಿಯ ದಾಳ

ಹೆಬ್ಬೆರಳ ತುದಿಯಷ್ಟಿರುವ ಮೆತ್ತನೆಯ ಚೌಕ. ಅದರ ಮೈಯಿಂದ ಎಲ್ಲ ದಿಕ್ಕಿಗೂ ಚಾಚಿಕೊಂಡ ಸಿಲಿಕೋನ್ ಎಳೆಗಳು. ತಲೆ ಇಲ್ಲ, ಬಾಲ ಇಲ್ಲ, ಕಣ್ಣೆಂದು ಒಂದು ಚುಕ್ಕೆಯೂ ಇಲ್ಲ. ಕೆರೆಯಲ್ಲಾಗಲಿ ಹೊಳೆಯಲ್ಲಾಗಲಿ ಇಂಥದೊಂದು ಪ್ರಾಣಿಯನ್ನು ಯಾರೂ ಕಂಡಿಲ್ಲ. ಜಪಾನಿನ ಓಎಸ್‌ಪಿ ಕಂಪನಿ ತಾನು ಮಾಡುವ ಚೌಕಕ್ಕೆ ‘ಸೈಕೊರೊ ರಬ್ಬರ್’ ಎಂದು ಹೆಸರಿಟ್ಟಿದೆ. ಸೈಕೊರೊ ಅಂದರೆ ಅವರ ಭಾಷೆಯಲ್ಲಿ ದಾಳ. ಅಮೆರಿಕದ ಬಾಸ್ ಮೀನುಗಾರರು ಈ ಜಾತಿಯನ್ನೆಲ್ಲ ಒಟ್ಟಾಗಿ ‘ಫಜ್ಜಿ ಡೈಸ್’ ಅನ್ನುತ್ತಾರೆ. ಕಳೆದ ಸೀಸನ್ನಿನಲ್ಲಿ ನನ್ನ ಡಬ್ಬಿ ಸೇರಿದ ಹೊಸ ಲೂರ್‌ಗಳಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇದೇ.

ಲೂರ್ ಎಂದರೆ ಕೃತಕ ಎರೆ. ಮರ, ಲೋಹ, ಪ್ಲಾಸ್ಟಿಕ್, ರಬ್ಬರಿನಲ್ಲಿ ಮಾಡಿ ಗಾಳದ ದಾರಕ್ಕೆ ಕಟ್ಟುವಂಥದು. ನಾನು ಬಾಸ್ ಎಂಬ ದೊಡ್ಡ ಬಾಯಿಯ ಮೀನನ್ನು ಹಿಡಿಯುವುದು ಹೆಚ್ಚಾಗಿ ಡಲ್ಲಾಸ್‌ನಿಂದ ಪೂರ್ವಕ್ಕಿರುವ ಲೇಕ್ ಫೋರ್ಕ್‌ನಲ್ಲಿ. 1980ರಲ್ಲಿ ಅಣೆಕಟ್ಟೆ ಹಾಕಿ ನೀರು ನಿಲ್ಲಿಸಿದ, ಸುಮಾರು 27,000 ಎಕರೆಯ ಜಲಾಶಯ ಅದು. ಮುಳುಗಿದ ಕಾಡಿನ ಮರಗಳು ಇವತ್ತಿಗೂ ಬೋಳಾಗಿ ನೀರಿನ ನಡುವೆ ನಿಂತಿವೆ. ಟೆಕ್ಸಸ್ ರಾಜ್ಯದ ದಾಖಲೆಯ ಬಾಸ್, 18.18 ಪೌಂಡ್ ತೂಗಿದ್ದು, 1992ರ ಜನವರಿಯಲ್ಲಿ ಸಿಕ್ಕಿದ್ದು ಇದೇ ನೀರಿನಲ್ಲಿ. ವಾರವಿಡೀ ದೋಣಿಗಳು ಓಡಾಡುವ ಕೆರೆ. ಇಲ್ಲಿಯ ಮೀನುಗಳು ಕಾಣದ ಲೂರ್ ಕಡಿಮೆ. ಹೊಸ ಸರಕನ್ನು ಒರೆಗೆ ಹಚ್ಚಲು ಇದಕ್ಕಿಂತ ಕಠಿಣವಾದ ಜಾಗ ನಮ್ಮ ಹತ್ತಿರದಲ್ಲಿಲ್ಲ.

ದಾಳದ ಫೋಟೊ ತೆಗೆದು ಮಳವಳ್ಳಿ ಕಡೆಯ ನನ್ನ ಚಿಕ್ಕಪ್ಪನಿಗೆ ವಾಟ್ಸಾಪ್ ಮಾಡಿದ್ದೆ. ಆ ಸಂಜೆಯೇ ಫೋನ್ ಬಂತು. “ಇದ್ನ ಯಾವ್ ಮೀನ್ ತಿಂದಾದು ಮಗ? ವಾಸ್ನೆ ಬ್ಯಾಡ್ವಾ ಅದ್ಕೆ?” ಅವರ ಪ್ರಾಯದಲ್ಲಿ ಕಾವೇರಿಯ ಮಡುಗಳಲ್ಲಿ ಬಿಳಿಮೀನಿಗೆ, ಅಂದರೆ ಮಹಶೀರ್‌ಗೆ, ರಾಗಿ ಹಿಟ್ಟನ್ನು ಗಟ್ಟಿಯಾಗಿ ಬೇಯಿಸಿ ಉಂಡೆ ಕಟ್ಟಿ ಗಾಳಕ್ಕೆ ಸಿಕ್ಕಿಸುತ್ತಿದ್ದರು. ಆ ಉಂಡೆ ಎರೆಯೂ ಹೌದು, ಊಟವೂ ಹೌದು. ಮೀನು ಬಂದು ತಿನ್ನುವವರೆಗೆ ಕಾಯುವುದಷ್ಟೇ ಗಾಳ ಹಾಕಿದವನ ಕೆಲಸ. ಚಿಕ್ಕಪ್ಪನ ಪ್ರಶ್ನೆ ಸರಿಯಾದ ಪ್ರಶ್ನೆಯೇ. ತಿನ್ನಲು ಬಾರದ, ರುಚಿಯಿಲ್ಲದ, ಯಾವ ಪ್ರಾಣಿಯನ್ನೂ ಹೋಲದ ವಸ್ತುವಿಗೆ ಮೀನು ಯಾಕೆ ಬಾಯಿ ಹಾಕುತ್ತದೆ? ಒಂದು ಲೂರ್ ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳುವವನು ಮೊದಲು ಇದಕ್ಕೆ ಉತ್ತರ ಕೊಡಬೇಕು.

ಉತ್ತರದ ಒಂದು ಭಾಗ 1936ರಷ್ಟು ಹಳೆಯದು. ಫಿನ್ಲೆಂಡಿನ ಬಡ ಮೀನುಗಾರ ಲೌರಿ ರಪಾಲಾ ದೋಣಿಯಲ್ಲಿ ಕೂತು ನೀರನ್ನು ದಿಟ್ಟಿಸುವಾಗ ಒಂದು ಸಂಗತಿ ಗಮನಿಸಿದ. ಸಣ್ಣ ಮೀನುಗಳ ಹಿಂಡಿಗೆ ದೊಡ್ಡ ಮೀನು ನುಗ್ಗಿದಾಗ ಅದು ಹಿಡಿಯುತ್ತಿದ್ದುದು ಚುರುಕಾಗಿ ಈಜುವ ಮೀನನ್ನಲ್ಲ. ಕೊಂಚ ವಾಲಾಡುತ್ತ, ಉಳಿದವುಗಳಿಗಿಂತ ಬೇರೆಯಾಗಿ ಈಜುವ ಬಡಪಾಯಿಯನ್ನು. ಆ ವಾಲಾಟವನ್ನು ತರಲೆಂದು ಅವನು ಬೆಂಡನ್ನು ಕೆತ್ತಿದ, ಚಾಕೊಲೇಟ್ ಸುತ್ತುವ ತವರದ ಹಾಳೆಯನ್ನು ಹೊಳಪಿಗೆ ಹಚ್ಚಿದ, ಫೋಟೊ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಬಳಿದ. ಇವತ್ತು ಜಗತ್ತಿನ ದೊಡ್ಡ ಲೂರ್ ಕಂಪನಿಗಳಲ್ಲಿ ಒಂದಾದ ರಪಾಲಾ ಹುಟ್ಟಿದ್ದು ಆ ಒಂದು ನೋಟದಿಂದ. ಹೋಲಿಕೆ ಕಣ್ಣಿಗೆ ಹಿತ, ಆದರೆ ಮೀನಿನ ಬಾಯಿ ತೆರೆಸುವುದು ನಡೆ. ನಮ್ಮ ಸೂತ್ರದ ಗೊಂಬೆಯಾಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪರದೆಯ ಹಿಂದೆ ಮೊಳೆಗೆ ತೂಗುಹಾಕಿದ ಗೊಂಬೆ ಬರೀ ಮರ. ದಾರ ಎಳೆಯುವ ಬೆರಳು ಬಂದಾಗಲೇ ಅದು ಕತ್ತು ತಿರುಗಿಸುತ್ತದೆ.

ಈ ಅಳತೆಗೋಲು ಹಿಡಿದು ನೋಡಿದರೆ ಸೀಸನ್ನಿನ ಅತ್ಯುತ್ತಮ ಲೂರ್ ಯಾವುದು ಎಂಬ ಬಗ್ಗೆ ನನಗೆ ಅನುಮಾನವಿಲ್ಲ. ಅದು ಜಿಗ್‌ಹೆಡ್ ಮಿನ್ನೊ: ಸಣ್ಣ ಸೀಸದ ಅಥವಾ ಟಂಗ್‌ಸ್ಟನ್ ಗುಂಡಿಗೆ ಬೆಸೆದ ಗಾಳ, ಅದಕ್ಕೆ ಪೋಣಿಸಿದ ನಾಲ್ಕು ಇಂಚಿನ ಮೆತ್ತನೆ ಮೀನು. ಈಗ ಈ ನಮೂನೆಯನ್ನು ಬೇಕಾದಷ್ಟು ಕಂಪನಿಗಳು ಮಾಡುತ್ತಿವೆ. ನಾನು ಹೆಚ್ಚು ಬಳಸಿದ್ದು ರಪಾಲಾದ ಕ್ರಷ್‌ಸಿಟಿ ಸಾಲಿನ ಮೂಚ್ ಮಿನ್ನೊ. ಪ್ಯಾಕೆಟ್ಟಿನಿಂದ ತೆಗೆದಾಗ ಇದಕ್ಕಿಂತ ಸಪ್ಪೆ ವಸ್ತು ಇನ್ನೊಂದಿಲ್ಲ. ಸುಮ್ಮನೆ ಎಸೆದು ಎಳೆದರೆ ಕಡ್ಡಿ ಎಳೆದಂತೆ ನೆಟ್ಟಗೆ ಬರುತ್ತದೆ. ಬಾಲ ಬಡಿಯುವುದಿಲ್ಲ, ಸದ್ದು ಮಾಡುವುದಿಲ್ಲ.

ಇದನ್ನು ಆಡಿಸುವ ರೀತಿ ಜಪಾನಿನಿಂದ ಬಂದದ್ದು. ಅಲ್ಲಿ ಅದನ್ನು ಮಿಡ್‌ಸ್ಟ್ರೋಲಿಂಗ್ ಅನ್ನುತ್ತಾರೆ. ಎಂಟನೇ ಒಂದು ಔನ್ಸಿನ, ಅಂದರೆ ಸುಮಾರು ಮೂರೂವರೆ ಗ್ರಾಂನ ಗುಂಡು ಹಾಕಿ ಎಸೆದು, ಬೇಕಾದ ಆಳಕ್ಕೆ ಇಳಿಯುವವರೆಗೆ ಎಣಿಸಬೇಕು. ಆಮೇಲೆ ದಾರವನ್ನು ಬಿಗಿಯಲು ಬಿಡದೆ, ಆ ಸಡಿಲವನ್ನೇ ರಾಡ್‌ನ ತುದಿಯಿಂದ ಟಕಟಕ ಎಂದು ಒಂದೇ ಲಯದಲ್ಲಿ ಅಲುಗಿಸುತ್ತ, ರೀಲನ್ನು ತುಂಬ ನಿಧಾನವಾಗಿ ಸುತ್ತಬೇಕು. ದಾರ ಬಿಗಿದರೆ ಲೂರ್ ಮುಂದಕ್ಕೆ ಜಿಗಿಯುತ್ತದೆ, ಆಟ ಕೆಟ್ಟಿತು. ತೀರಾ ಸಡಿಲ ಬಿಟ್ಟರೆ ಮುಳುಗುತ್ತದೆ. ಎರಡರ ನಡುವೆ ಕೈ ಕುದುರಿದಾಗ ಆ ಸಪ್ಪೆ ಮೀನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮಗ್ಗುಲು ಹೊರಳಿಸುತ್ತ ಬಿಳಿ ಹೊಟ್ಟೆ ತೋರಿಸುತ್ತದೆ. ಕೆಳಗಿನಿಂದ ನೋಡುವ ಬಾಸ್‌ಗೆ ಅದು ಉಸಿರು ಕಟ್ಟಿ ಒದ್ದಾಡುವ ಮರಿಮೀನು. ನನ್ನ ಕೈಗೆ ಈ ಲಯ ಕೂರಲು ಸುಮಾರು ಆರು ವಾರ ಹಿಡಿಯಿತು. ಮೊದಮೊದಲು ಮಣಿಕಟ್ಟು ನೋಯುತ್ತಿತ್ತು. ಮಾರ್ಚ್‌ನ ಒಂದು ಬೆಳಗ್ಗೆ ಅದು ಕೂತಾಗ, ಹನ್ನೆರಡು ಅಡಿ ಆಳದಲ್ಲಿ, ದಾರ ಎಳೆದಂತೆಯೂ ಅನಿಸಲಿಲ್ಲ. ಇದ್ದ ಭಾರ ಇಲ್ಲವಾಯಿತು, ಅಷ್ಟೇ. ಬಾಸ್ ಕಚ್ಚಿ ಎಳೆಯುವ ಮೀನಲ್ಲ. ಆ ದೊಡ್ಡ ಬಾಯಿ ತೆರೆದು ನೀರಿನ ಸಮೇತ ಎರೆಯನ್ನು ಒಳಗೆ ಹೀರಿಕೊಳ್ಳುತ್ತದೆ, ಒಪ್ಪಿಗೆಯಾಗದಿದ್ದರೆ ಕ್ಷಣದಲ್ಲಿ ಉಗಿಯುತ್ತದೆ. ಆ ಕ್ಷಣದಲ್ಲಿ ರಾಡ್ ಎತ್ತಬೇಕು.

ಕಲಿತವನಿಗೆ ಮಾತ್ರ ಒಲಿಯುವುದರಿಂದಲೇ ಈ ಲೂರ್ ನನಗೆ ಇಷ್ಟ. ಆದರೆ ಇದು ಇಷ್ಟು ಹಬ್ಬಿದ್ದಕ್ಕೆ ಕಾರಣ ಬೇರೆ, ಅದನ್ನೂ ಹೇಳಬೇಕು. 2018ರಲ್ಲಿ ಗಾರ್ಮಿನ್ ಕಂಪನಿ ಲೈವ್‌ಸ್ಕೋಪ್ ಎಂಬ ಸೋನಾರ್ ತಂದಿತು. ದೋಣಿಯ ಮುಂದಿನ ನೀರನ್ನು ಆ ಕ್ಷಣಕ್ಕೇ ಪರದೆಯ ಮೇಲೆ ತೋರಿಸುವ ಯಂತ್ರ ಅದು. ಮೀನೂ ಕಾಣುತ್ತದೆ, ಅದರ ತಲೆಯ ಮೇಲೆ ಹಾಯುವ ನಿಮ್ಮ ಲೂರ್ ಕೂಡ ಕಾಣುತ್ತದೆ. ಬಯಲು ನೀರಿನಲ್ಲಿ ತೇಲುತ್ತ ನಿಂತ ಬಾಸ್‌ಗೆ ಅದೇ ಎತ್ತರದಲ್ಲಿ ತೋರಿಸಬಲ್ಲ ಲೂರ್ ಬೇಕಾಯಿತು. ಜಿಗ್‌ಹೆಡ್ ಮಿನ್ನೊ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ವೃತ್ತಿಪರ ಪಂದ್ಯಗಳಲ್ಲಿ ಇಡೀ ದಿನ ತಲೆ ತಗ್ಗಿಸಿ ಪರದೆ ನೋಡುವ ದೃಶ್ಯ ಸಾಮಾನ್ಯವಾಯಿತು. ಮೇಜರ್ ಲೀಗ್ ಫಿಶಿಂಗ್ ತನ್ನ ಬಾಸ್ ಪ್ರೊ ಟೂರ್‌ನಲ್ಲಿ 2025ರ ಸೀಸನ್ನಿಗೆ ದಿನದ ಮೂರು ಅವಧಿಗಳಲ್ಲಿ ಒಂದರಲ್ಲಿ ಮಾತ್ರ ಈ ಸೋನಾರ್ ಬಳಸಬಹುದೆಂದು ನಿಯಮ ಮಾಡಿದ್ದನ್ನು ನಾನು ಮನಸಾರೆ ಒಪ್ಪುತ್ತೇನೆ. ನೀರಿನ ಬಣ್ಣ, ಗಾಳಿಯ ದಿಕ್ಕು, ಕೊಕ್ಕರೆ ಎಲ್ಲಿ ಕೂತಿದೆ ಎಂಬುದನ್ನೆಲ್ಲ ಓದುವುದೂ ಈ ವಿದ್ಯೆಯ ಭಾಗ. ಪರದೆಯಿಲ್ಲದೆಯೂ ಮಿನ್ನೊ ಮೀನು ಹಿಡಿಯುತ್ತದೆ. ನನ್ನದು ಪರದೆಯಿಲ್ಲದ ದೋಣಿ. ಎಣಿಸಿ ಇಳಿಸುವುದೇ ನನ್ನ ಸೋನಾರ್.

ಇನ್ನು ದಾಳ. ಮಿನ್ನೊಗೆ ಕೈ ಜೀವ ಕೊಟ್ಟರೆ ದಾಳಕ್ಕೆ ನೀರೇ ಜೀವ ಕೊಡುತ್ತದೆ. ಗಾಜಿನ ಜಾಡಿಯಲ್ಲಿ ನೀರು ತುಂಬಿ, ಗಾಳಕ್ಕೆ ಸಿಕ್ಕಿಸಿದ ಒಂದು ದಾಳವನ್ನು ಇಳಿಬಿಟ್ಟು ನೋಡಿದೆ. ಇಳಿಯುವಾಗ ಎಳೆಗಳೆಲ್ಲ ಮೇಲಕ್ಕೆ ಮಡಚಿಕೊಂಡವು. ತಳ ಮುಟ್ಟಿದ ಕೂಡಲೇ ಒಂದೊಂದಾಗಿ ಬಿಚ್ಚಿಕೊಂಡು ಹರಡಿದವು. ಆಮೇಲೆ ನಾನು ದಾರ ಮುಟ್ಟದಿದ್ದರೂ, ಮೇಜಿಗೆ ಕೈ ತಗುಲಿ ನೀರು ಅಲುಗಿದಾಗಲೆಲ್ಲ ತುದಿಗಳು ನಡುಗಿದವು. ಬಾಸ್‌ನ ಮೈಯ ಪಕ್ಕದಲ್ಲಿ ನೀರಿನ ಕಂಪನವನ್ನು ಗ್ರಹಿಸುವ ಒಂದು ಗೆರೆಯಿದೆ. ಕತ್ತಲೆಯಲ್ಲೂ ಕದಡಿದ ನೀರಿನಲ್ಲೂ ಅದು ಬೇಟೆಯನ್ನು ಗುರುತಿಸಲು ನೆರವಾಗುತ್ತದೆ. ದಾಳದ ಗುಟ್ಟು ಆ ನಡುಕದಲ್ಲಿದೆ ಎಂದು ನನ್ನ ನಂಬಿಕೆ. ಯಾವ ಪ್ರಾಣಿಯನ್ನೂ ಹೋಲದಿರುವುದರಿಂದ ಮೀನಿಗೆ ತಪ್ಪು ಕಂಡುಹಿಡಿಯಲೂ ಏನೂ ಉಳಿಯುವುದಿಲ್ಲ. ಜೂನ್‌ನ ಬಿಸಿಲಿನಲ್ಲಿ ಬೋಳು ಮರದ ಬುಡಕ್ಕೆ ಅದನ್ನು ಇಳಿಸಿ, ಹತ್ತು ಎಣಿಸುವವರೆಗೆ ಏನೂ ಮಾಡದೆ ಕೂತೆ. ಆ ಮರದ ನೆರಳಿನಿಂದ ಬೇರೆ ಮೂರು ಲೂರ್‌ಗಳಿಗೆ ಏಳದ ಮೀನು ಎದ್ದು ಬಂತು.

ದೋಷಗಳೂ ಇವೆ, ಸಣ್ಣವಲ್ಲ. ನಾಲ್ಕಾರು ಮೀನಿಗೆ ಚೌಕ ಹರಿಯುತ್ತದೆ, ಎಳೆಗಳು ಉದುರುತ್ತವೆ. ಗಾಳಿ ಬೀಸುವ ದಿನ ದೂರ ಎಸೆಯಲು ಬರುವುದಿಲ್ಲ. ಬೆಲೆಯ ಲೆಕ್ಕದಲ್ಲಿ ಅಷ್ಟು ಸಣ್ಣ ತುಂಡಿಗೆ ಇದು ದುಬಾರಿ. ನಾನು ಬಳಸಿದ ಒಂದು ಪ್ಯಾಕೆಟ್ಟಿನಲ್ಲಂತೂ ಎಳೆಗಳು ಮೊದಲ ಎಸೆತಕ್ಕೇ ಜಾರಿ ಬಂದವು. ಮೆತ್ತನೆ ಲೂರ್ ಕೊಳ್ಳುವ ಹೊಸಬರು ಇನ್ನೊಂದು ಮಾತು ನೆನಪಿಡಬೇಕು: ಹಿಗ್ಗುವ ಎಲಾಸ್ಟೊಮರ್ ಜಾತಿಯದನ್ನೂ ಮಾಮೂಲಿ ಮೆದು ಪ್ಲಾಸ್ಟಿಕ್ಕಿನದನ್ನೂ ಒಂದೇ ಡಬ್ಬಿಯಲ್ಲಿ ಇಟ್ಟರೆ ಎರಡೂ ಕರಗಿ ಅಂಟಿನ ಮುದ್ದೆಯಾಗುತ್ತವೆ.

ಅಂಗಡಿಯ ಗೋಡೆಯ ಮೇಲೆ ಈ ವರ್ಷವೂ ಜಾಗ ಹೊಡೆದವು ನೂರು ಡಾಲರ್ ದಾಟುವ, ಗ್ಲೈಡ್‌ಬೇಟ್ ಎಂಬ ದೊಡ್ಡ ಲೂರ್‌ಗಳು. ಒಂದೊಂದು ಹುರುಪೆಯನ್ನೂ ಬಿಡಿಸಿ ಬಣ್ಣ ಹಚ್ಚಿದ ಕೆಲಸ ಮೆಚ್ಚುವಂಥದೇ. ನಿಧಾನಕ್ಕೆ ಎಡಬಲ ತೇಲುವ ಅವುಗಳ ನಡೆ ದೊಡ್ಡ ಮೀನನ್ನು ಮರೆಯಿಂದ ಹೊರಗೆಳೆಯುತ್ತದೆ. ಆದರೆ ಆ ಹಣದಲ್ಲಿ ಒಳ್ಳೆಯ ಪಾಲು ಹೋಗುವುದು ಬಣ್ಣಕ್ಕೆ ಎಂದು ನನಗನ್ನಿಸುತ್ತದೆ. ಬಾಸ್‌ನ ಕಣ್ಣಿಗೆ ಕೆಂಪು ಮತ್ತು ಹಸಿರು ಚೆನ್ನಾಗಿ ತಿಳಿಯುತ್ತವೆ, ನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯುವುದು ಕಷ್ಟ ಎಂದು ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಯೋಗ ಮಾಡಿ ತೋರಿಸಿದ್ದಾರೆ. ಮೂವತ್ತು ಬಣ್ಣಗಳಲ್ಲಿ ಮಾರುವ ಲೂರ್‌ನ ಮೂರು ಬಣ್ಣ ಸಾಕು.

ದಾಳವೂ ಮಿಡ್‌ಸ್ಟ್ರೋಲಿಂಗೂ ಜಪಾನಿನಿಂದ ಬಂದವಾದ್ದರಿಂದ ಒಂದು ಮಾತು ಹೇಳುತ್ತೇನೆ. ಬಾಸ್ ಅಲ್ಲಿಯ ಮೀನಲ್ಲ. 1925ರಲ್ಲಿ ಅಮೆರಿಕದಿಂದ ತಂದು ಆಶಿ ಸರೋವರಕ್ಕೆ ಬಿಟ್ಟದ್ದು, ಆಮೇಲೆ ದೇಶವೆಲ್ಲ ಹರಡಿ ಸ್ಥಳೀಯ ಮೀನುಗಳನ್ನು ತಿಂದು ತೇಗಿತು. 2005ರಿಂದ ಜಾರಿಯಲ್ಲಿರುವ ಕಾನೂನಿನಲ್ಲಿ ಅದು ಹೊರಗಿನ ಅಪಾಯಕಾರಿ ಜೀವಿ. ಬಿವಾ ಸರೋವರವಿರುವ ಶಿಗಾ ಪ್ರಾಂತದಲ್ಲಿ ಹಿಡಿದ ಬಾಸನ್ನು ಮತ್ತೆ ನೀರಿಗೆ ಬಿಡುವಂತಿಲ್ಲ. ಆದರೂ ಬಾಸ್ ಲೂರ್‌ನಲ್ಲಿ ಇವತ್ತಿನ ಅತಿ ಸೂಕ್ಷ್ಮವಾದ ಆಲೋಚನೆ ಬರುತ್ತಿರುವುದು ಆ ದೇಶದಿಂದ. ಇಕ್ಕಟ್ಟಾದ ನೀರು, ದಡದ ತುಂಬ ಜನ, ಸಾವಿರ ಸಲ ಮೋಸ ಕಂಡ ಮೀನು. ಅಂಥಲ್ಲಿ ಸದ್ದು ಮಾಡುವ ಲೂರ್ ನಡೆಯುವುದಿಲ್ಲ.

ಕೊನೆಗೆ ಉಳಿಯುವ ಪ್ರಶ್ನೆ: ದಾಳ ಒಳ್ಳೆಯದೋ, ಬರೀ ಹೊಸದೋ? ಹಳೆಯ ಮೂರು ಲೂರ್‌ಗಳನ್ನು ಅದರ ಪಕ್ಕದಲ್ಲಿಟ್ಟು ನೋಡೋಣ. 2006ರಲ್ಲಿ ಫ್ಲಾರಿಡಾದ ಒಕೀಚೋಬಿ ಸರೋವರದ ಪಂದ್ಯವನ್ನು ಬ್ರಯನ್ ತ್ರಿಫ್ಟ್ ಗೆದ್ದಾಗ ಚಾಟರ್‌ಬೇಟ್ ಹೆಸರು ಮನೆಮಾತಾಯಿತು; ಮೂಗಿನ ಮುಂದಿನ ತಗಡು ಪಟಪಟ ಬಡಿದುಕೊಳ್ಳುವ ಆ ಲೂರ್ ಇವತ್ತಿಗೂ ಎಲ್ಲರ ಡಬ್ಬಿಯಲ್ಲಿದೆ. ಪೆನ್ನಿನಂತೆ ಉದ್ದಕ್ಕೆ ಇರುವ, ಉಪ್ಪು ಬೆರೆಸಿದ ಗ್ಯಾರಿ ಯಮಾಮೊಟೊನ ಸೆಂಕೊ ಅದಕ್ಕಿಂತಲೂ ಹಳೆಯದು. ಬೀಳುವಾಗ ಎರಡೂ ತುದಿ ಸಣ್ಣಗೆ ನಡುಗುವುದೊಂದೇ ಅದರ ವಿದ್ಯೆ. ಇನ್ನೊಂದು ಅಲಬಾಮಾ ರಿಗ್. ಒಂದೇ ತಂತಿಚೌಕಟ್ಟಿಗೆ ಐದು ಲೂರ್ ಕಟ್ಟಿ ಹಿಂಡಿನಂತೆ ಎಳೆಯುವುದು. 2011ರ ಅಕ್ಟೋಬರ್‌ನಲ್ಲಿ ಗಂಟರ್ಸ್‌ವಿಲ್ ಸರೋವರದಲ್ಲಿ ಪಾಲ್ ಇಲಾಯಸ್ ಅದರಿಂದ ಗೆದ್ದಾಗ ಅಂಗಡಿಗಳಲ್ಲಿ ಸರಕು ಖಾಲಿಯಾಗಿತ್ತು. ಪಂದ್ಯ ನಡೆಸುವ ಬಾಸ್‌ಮಾಸ್ಟರ್ ಸಂಸ್ಥೆ ತನ್ನ ಎಲೀಟ್ ಪಂದ್ಯಗಳಿಂದ ಅದನ್ನು ಹೊರಗಿಟ್ಟಿತು. ಚಳಿಗಾಲದ ತಣ್ಣನೆ ನೀರಿನಲ್ಲಿ ಅದು ಇವತ್ತೂ ಕೆಲಸ ಮಾಡುತ್ತದೆ, ಆದರೆ ಆ ಮೊದಲ ವರ್ಷದ ಹುಚ್ಚು ಹಬ್ಬ ಮತ್ತೆ ಬರಲಿಲ್ಲ. ಗಾಳಕ್ಕೆ ಸುಲಭವಾಗಿ ಬೀಳುವ ಗುಣ ಬಾಸ್‌ನಲ್ಲಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತದೆಂದು ಇಲಿನಾಯ್‌ನ ರಿಡ್ಜ್ ಲೇಕ್‌ನ ಮೀನುಗಳ ಮೇಲೆ ನಡೆದ ದೀರ್ಘ ಅಧ್ಯಯನ 2009ರಲ್ಲಿ ಹೇಳಿತು. ಸದಾ ಗಾಳ ಬೀಳುವ ಕೆರೆಯಲ್ಲಿ ಸುಲಭಕ್ಕೆ ಸಿಗುವವು ಹೋಗಿ ಹುಷಾರಿನ ಮೀನು ಉಳಿಯುತ್ತದೆ; ಅದು ಇನ್ನೂ ಕಾಣದ ಹೊಸ ಲೂರ್‌ಗೆ ಮೊದಲ ವರ್ಷದ ಗೆಲುವು ಅರ್ಧ ಪುಕ್ಕಟೆ ಸಿಗುತ್ತದೆ. ಆದ್ದರಿಂದ ದಾಳದ ಬಗ್ಗೆ ನನ್ನ ತೀರ್ಪನ್ನು ಇನ್ನೊಂದು ಸೀಸನ್ನಿಗೆ ಕಾದಿರಿಸಿದ್ದೇನೆ. ಮಿನ್ನೊ ಬಗ್ಗೆ ಕಾಯಬೇಕಿಲ್ಲ, ಅದು ಉಳಿಯುತ್ತದೆ.

ಟೆಕ್ಸಸ್‌ನಲ್ಲೋ ಜಾರ್ಜಿಯಾದಲ್ಲೋ ಈಗಷ್ಟೇ ರಾಡ್ ಹಿಡಿದಿರುವ ಕನ್ನಡದ ಗೆಳೆಯರಲ್ಲಿ ಒಂದು ವಿನಂತಿ. ಹರಿದ ದಾಳ, ತುಂಡಾದ ಮಿನ್ನೊ, ಕತ್ತರಿಸಿದ ತಂಗೂಸಿ ದಾರ ಯಾವುದನ್ನೂ ನೀರಿಗೆ ಎಸೆಯಬೇಡಿ. ಅವು ಬೇಗ ಕೊಳೆಯುವುದಿಲ್ಲ, ಮೆತ್ತನೆ ಲೂರ್‌ನ ತುಂಡುಗಳು ಮೀನಿನ ಹೊಟ್ಟೆಯಲ್ಲಿ ಊದಿಕೊಳ್ಳಬಹುದು. ಸೀಸದ ಬದಲು ಟಂಗ್‌ಸ್ಟನ್ ಗುಂಡು ಕೊಳ್ಳಿ. ಸೀಸ ನುಂಗಿ ಲೂನ್ ಹಕ್ಕಿಗಳು ಸಾಯುತ್ತಿದ್ದುದರಿಂದಲೇ ನ್ಯೂ ಹ್ಯಾಂಪ್‌ಶೈರ್, ಮೇನ್ ರಾಜ್ಯಗಳು ಸಣ್ಣ ಸೀಸದ ಜಿಗ್‌ಗಳನ್ನು ನಿಷೇಧಿಸಿವೆ. ಕೆರೆಯ ನಿಯಮ ಓದಿಕೊಂಡೇ ದೋಣಿ ಹತ್ತಿ. ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನ ನಡುವಿನ ಬಾಸನ್ನು ಬಿಡಲೇಬೇಕು. ಜೂನ್‌ನಲ್ಲಿ ದಾಳಕ್ಕೆ ಎದ್ದು ಬಂದ ಆ ಮೀನು 21 ಇಂಚು ಇತ್ತು. ಅಳತೆಪಟ್ಟಿಯ ಮೇಲಿಂದ ಎತ್ತಿ, ಬಂದ ಮರದ ಬುಡಕ್ಕೇ ಬಿಟ್ಟೆ.