ಗ್ರ್ಯಾಂಡ್ ಜ್ಯೂರಿ: ಗುಟ್ಟು ಯಾರ ರಕ್ಷಣೆಗೆ?

1935ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಅಲಬಾಮಾದ ಜಾಕ್ಸನ್ ಕೌಂಟಿಯ ಜ್ಯೂರಿ ಪಟ್ಟಿಯನ್ನು ಭೂತಗನ್ನಡಿ ಹಿಡಿದು ನೋಡಿದರು. ಪಟ್ಟಿಯಲ್ಲಿ ಕೆಲವು ಕಪ್ಪು ಜನರ ಹೆಸರುಗಳೇನೋ ಇದ್ದವು. ಆದರೆ ಅವು ಪಟ್ಟಿಯ ಕೊನೆಗೆ ಎಳೆದಿದ್ದ ಕೆಂಪು ಗೆರೆಯ ಮೇಲೆ ಹತ್ತಿ ಕೂತಿದ್ದವು. ಗೆರೆ ಎಳೆದಾದ ಮೇಲೆ ಬರೆದ ಹೆಸರುಗಳಿವು ಎಂದು ಕೈಬರಹ ತಜ್ಞ ಮೊದಲೇ ಸಾಕ್ಷ್ಯ ನುಡಿದಿದ್ದ. ಸ್ಕಾಟ್ಸ್‌ಬರೋ ಪ್ರಕರಣದ ಕಪ್ಪು ಹುಡುಗರ ಮೇಲೆ ಆರೋಪ ಹೊರಿಸಿದ್ದು ಕರಿಯರನ್ನು ಬೇಕೆಂದೇ ಹೊರಗಿಟ್ಟ ಗ್ರ್ಯಾಂಡ್ ಜ್ಯೂರಿ ಎಂದು ಒಪ್ಪಿದ ಕೋರ್ಟು ಶಿಕ್ಷೆಯನ್ನು ರದ್ದುಮಾಡಿತು.

ಈ ಮೋಸ ಸಿಕ್ಕಿಬಿದ್ದದ್ದು ಪಟ್ಟಿ ಕೈಗೆ ಸಿಕ್ಕಿದ್ದರಿಂದ. ಜ್ಯೂರಿ ಕೋಣೆಯೊಳಗಿನ ಕಲಾಪ ಹಾಗೆ ಕೈಗೆ ಸಿಗುವುದಿಲ್ಲ. ಗ್ರ್ಯಾಂಡ್ ಜ್ಯೂರಿ ಅಪರಾಧ ಸಾಬೀತಾಯಿತೇ ಎಂದು ತೀರ್ಮಾನಿಸುವುದಿಲ್ಲ. ಆರೋಪ ಹೊರಿಸಲು ಸಾಕಷ್ಟು ಆಧಾರವಿದೆಯೇ ಎಂದಷ್ಟೇ ನೋಡುತ್ತದೆ. ಫೆಡರಲ್ ಪದ್ಧತಿಯಲ್ಲಿ 16ರಿಂದ 23 ಮಂದಿ ಕೂರುತ್ತಾರೆ, ಆರೋಪಕ್ಕೆ 12 ಮತ ಬೇಕು. ಕೋಣೆಯಲ್ಲಿ ನ್ಯಾಯಾಧೀಶರಿಲ್ಲ, ಆರೋಪಿಯ ವಕೀಲರಿಲ್ಲ. ಯಾವ ಸಾಕ್ಷಿ, ಯಾವ ಕಾನೂನು ಎನ್ನುವುದೆಲ್ಲ ಬಹುಮಟ್ಟಿಗೆ ಪ್ರಾಸಿಕ್ಯೂಟರ್ ಕೈಯಲ್ಲಿ.

ಯಾರು ಕೂರಬೇಕು ಎಂಬ ಪ್ರಶ್ನೆಯಲ್ಲಿ ಅಮೆರಿಕದ ಕೋರ್ಟುಗಳು ದೂರ ಸಾಗಿವೆ. ಟೆಕ್ಸಸ್‌ನ ಹಿಡಾಲ್ಗೊ ಕೌಂಟಿಯಲ್ಲಿ ಜನಸಂಖ್ಯೆಯ ಶೇ 79ರಷ್ಟು ಮೆಕ್ಸಿಕನ್ ಮೂಲದವರಿದ್ದರೂ, 11 ವರ್ಷಗಳಲ್ಲಿ ಗ್ರ್ಯಾಂಡ್ ಜ್ಯೂರಿಗೆ ಕರೆಬಂದವರಲ್ಲಿ ಅವರ ಪಾಲು ಶೇ 39. ಈ ಅಂತರವೇ ತಾರತಮ್ಯವನ್ನು ಮೇಲ್ನೋಟಕ್ಕೆ ತೋರಿಸುತ್ತದೆ, ಅಲ್ಲವೆಂದು ಸರ್ಕಾರವೇ ಸಾಧಿಸಬೇಕು ಎಂದು ಸುಪ್ರೀಂ ಕೋರ್ಟು 1977ರಲ್ಲಿ ಹೇಳಿತು. ಲೆಕ್ಕ ಹಾಕಲು ಬರುವ ಅನ್ಯಾಯಕ್ಕೆ ಹೀಗೆ ಮದ್ದು ಸಿಕ್ಕಿತು.

ಲೆಕ್ಕಕ್ಕೆ ಸಿಗದ್ದರ ಗತಿ ಏನು? 2014ರಲ್ಲಿ ಮಿಸೌರಿಯ ಫರ್ಗ್ಯುಸನ್‌ನಲ್ಲಿ ಬಿಳಿಯ ಪೊಲೀಸನ ಗುಂಡಿಗೆ ಕಪ್ಪು ಯುವಕ ಮೈಕೆಲ್ ಬ್ರೌನ್ ಸತ್ತಾಗ ಕೂತ ರಾಜ್ಯದ ಗ್ರ್ಯಾಂಡ್ ಜ್ಯೂರಿಯ 12 ಮಂದಿಯಲ್ಲಿ ಒಂಬತ್ತು ಬಿಳಿಯರು, ಮೂವರು ಕರಿಯರು. ಆರೋಪಕ್ಕೆ ಬೇಕಿದ್ದದ್ದೂ ಒಂಬತ್ತೇ ಮತ. ಆರೋಪ ಬರಲಿಲ್ಲ. ಚರ್ಚೆಯೆಲ್ಲ ಈ ಅಂಕಿಗಳ ಸುತ್ತ ತಿರುಗಿತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ ಸಂಗತಿ. ಓಡುವವನ ಮೇಲೆ ಪೊಲೀಸರು ಯಾವಾಗ ಗುಂಡು ಹಾರಿಸಬಹುದು ಎಂಬುದಕ್ಕೆ ಪ್ರಾಸಿಕ್ಯೂಷನ್ ಸದಸ್ಯರ ಕೈಗಿಟ್ಟದ್ದು ಮಿಸೌರಿಯ ಹಳೆಯ ಕಾನೂನು. ಇಂಥ ಗುಂಡಿಗೆ ಮಿತಿ ಹಾಕಿದ ಸುಪ್ರೀಂ ಕೋರ್ಟಿನ 1985ರ ತೀರ್ಪಿಗೆ ಅದು ಹೊಂದುವುದಿಲ್ಲವೆಂದು ತಿಳಿಸಿದ್ದು ವಾರಗಳು ಕಳೆದು, ಸಮಾಲೋಚನೆಯ ಹೊಸ್ತಿಲಲ್ಲಿ. ಅದೂ ಅರೆಬರೆಯಾಗಿ. ಕೋಣೆಯಲ್ಲಿ ಆರು ಮಂದಿ ಕರಿಯರಿದ್ದಿದ್ದರೂ ಅವರ ಕೈಯಲ್ಲಿ ಇರುತ್ತಿದ್ದದ್ದು ಅದೇ ಹಾಳೆ.

ಪ್ರಾಸಿಕ್ಯೂಟರ್ ತಾವಾಗಿ ಕಡತ ಬಿಡುಗಡೆ ಮಾಡಿದ್ದರಿಂದ ಇದು ಹೊರಬಿತ್ತು. ಆದರೆ ತನ್ನ ಅನುಭವ ಹೇಳಿಕೊಳ್ಳಲು ಬಯಸಿದ ಸದಸ್ಯರೊಬ್ಬರು ಅದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2020ರಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಲೂಯಿವಿಲ್‌ನ ಬ್ರಿಯಾನಾ ಟೇಲರ್ ಪ್ರಕರಣದಲ್ಲೂ ಒಬ್ಬ ಸದಸ್ಯ ಕೋರ್ಟಿನ ಅನುಮತಿ ಪಡೆದೇ ಬಾಯಿಬಿಟ್ಟದ್ದು: ಕೊಲೆಯ ಆರೋಪಗಳನ್ನು ತಮ್ಮ ಮುಂದೆ ಇಡಲೇ ಇಲ್ಲ ಎಂದು. ಜ್ಯೂರಿಯ ತೀರ್ಮಾನವೆಂದು ಜನ ನಂಬಿದ್ದದ್ದು ನಿಜದಲ್ಲಿ ಪ್ರಾಸಿಕ್ಯೂಟರ್ ಆಯ್ಕೆಯಾಗಿತ್ತು.

ಗೋಪ್ಯತೆಗೆ ಒಳ್ಳೆಯ ಕಾರಣಗಳಿವೆ: ಸಾಕ್ಷಿಗಳಿಗೆ ಬೆದರಿಕೆ ಬರಬಾರದು, ಆರೋಪವೇ ಬರದವನ ಮಾನ ಹೋಗಬಾರದು. ಆದರೆ ಪೊಲೀಸರೇ ಕೊಂದ ಪ್ರಕರಣದಲ್ಲಿ ಆಪಾದಿತನ ಹೆಸರು ಎಷ್ಟೋ ಸಲ ಊರಿಗೆಲ್ಲ ಗೊತ್ತಿರುತ್ತದೆ. ದಿನವೂ ಪೊಲೀಸರ ಜೊತೆ ಕೆಲಸ ಮಾಡುವ ಪ್ರಾಸಿಕ್ಯೂಟರ್ ನಿಷ್ಠೆಯೇ ಪ್ರಶ್ನೆಗೊಳಗಾಗಿರುತ್ತದೆ. ಅಲ್ಲಿ ಗುಟ್ಟು ಕಾಯುವುದು ದುರ್ಬಲರನ್ನಲ್ಲ. ಅಂಥ ಕಡೆ ಆರೋಪ ಬಾರದಿದ್ದರೆ, ಸಾಕ್ಷಿಗಳ ಗುರುತು ಮರೆಮಾಡಿ ಕಡತವನ್ನು ಕಡ್ಡಾಯವಾಗಿ ತೆರೆಯಬೇಕು. ಸದಸ್ಯರಿಗೆ ಮಾತಾಡುವ ಹಕ್ಕಿರಬೇಕು. ಏನು ತೋರಿಸಬೇಕು, ಏನು ಮುಚ್ಚಿಡಬೇಕು ಎಂಬುದು ಒಬ್ಬನ ಕೈಯಲ್ಲೇ ಇರುವವರೆಗೆ, ಕುರ್ಚಿಗಳಲ್ಲಿ ಯಾವ ಬಣ್ಣದವರು ಎಷ್ಟು ಮಂದಿ ಎಂಬುದು ಅರ್ಧ ಪ್ರಶ್ನೆ ಮಾತ್ರ.