ತತ್ತ್ವಪದಕ್ಕೆ ಗಿಟಾರಿನ ಜೊತೆ

ಹಳೆಯ ಪದಕ್ಕೆ ಹೊಸ ಧಾಟಿ ಬಂದಾಗಲೆಲ್ಲ ಕನ್ನಡಿಗರಲ್ಲಿ ಎರಡು ಪಂಗಡಗಳಾಗುವುದುಂಟು. 2008ರಲ್ಲಿ ಹೊರಬಂದ ರಘು ದೀಕ್ಷಿತರ ಮೊದಲ ಆಲ್ಬಮ್ಮಿನ ವಿಷಯದಲ್ಲಿಯೂ ಹಾಗೆಯೇ ಆಯಿತು. ಹಿಂದಿ, ಇಂಗ್ಲಿಷ್ ಗೀತೆಗಳ ನಡುವೆ ಶಿಶುನಾಳ ಷರೀಫರ (1819–1889) ಎರಡು ತತ್ತ್ವಪದಗಳು ಅದರಲ್ಲಿವೆ: ಒಂದು ಗುಡುಗುಡಿಯ ಪದ, ಇನ್ನೊಂದು ಸೋರುವ ಮಾಳಿಗೆಯ ಪದ. ಏಕತಾರಿ, ದಮ್ಮಡಿಗಳಿದ್ದ ಸ್ಥಾನದಲ್ಲಿ ಗಿಟಾರ್, ಡ್ರಮ್ಸ್, ವಯಲಿನ್‌ಗಳು ಬಂದಿವೆ. ಭರತನಾಟ್ಯವನ್ನು ಅಭ್ಯಾಸ ಮಾಡಿದ ಈ ಗಾಯಕರು ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ, ವೇದಿಕೆಯ ಮೇಲೆ ಕುಣಿಯುತ್ತಲೇ ಹಾಡುವವರು.

ಈ ಹಾಡುಗಾರಿಕೆಗೆ ಹೊರನಾಡಿನಲ್ಲಿ ದೊರೆತ ಮನ್ನಣೆ ಸಣ್ಣದಲ್ಲ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಅವರ ತಂಡ ಹಾಡಿತು. 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದ ವೇದಿಕೆಯೇರಿತು. ಅದೇ ವರ್ಷ ‘ಸಾಂಗ್‌ಲೈನ್ಸ್’ ಪತ್ರಿಕೆ ಅತ್ಯುತ್ತಮ ನವಾಗತ ಪ್ರಶಸ್ತಿಯನ್ನಿತ್ತಿತು. ಭಾಷೆ ತಿಳಿಯದವರೂ ಆ ಹುರುಪಿಗೆ ತಲೆದೂಗಿದರು. ನಮ್ಮ ಹಿರಿಯರು ಮಾತ್ರ, “ಷರೀಫರಿಗೆ ಇಷ್ಟು ಗದ್ದಲವೇಕೆ?” ಎಂದರು. 1990ರಲ್ಲಿ ತೆರೆಕಂಡ ನಾಗಾಭರಣರ ಚಿತ್ರದಿಂದಲೂ ಅದಕ್ಕೂ ಮುಂಚಿನಿಂದಲೂ ಸಿ. ಅಶ್ವತ್ಥರ ಕಂಠವನ್ನೇ ಕಿವಿಯಲ್ಲಿ ತುಂಬಿಕೊಂಡವರಿಗೆ ಹೀಗೆನ್ನಿಸಿದ್ದು ಸಹಜವೇ.

ನಮ್ಮ ದೃಷ್ಟಿಯಲ್ಲಿ ಈ ಹೊಗಳಿಕೆ, ತೆಗಳಿಕೆ ಎರಡೂ ಶಬ್ದದ ಅಬ್ಬರದಲ್ಲಿಯೇ ನಿಂತವು. ಪದದ ಅರ್ಥದ ಬಾಗಿಲನ್ನು ತಟ್ಟಲಿಲ್ಲ. ಗೋವಿಂದಭಟ್ಟರ ಶಿಷ್ಯರಾದ ಷರೀಫರು ಗುಡುಗುಡಿ, ಮಾಳಿಗೆಗಳಂತಹ ನಿತ್ಯದ ವಸ್ತುಗಳಲ್ಲಿಯೇ ತತ್ತ್ವವನ್ನು ಕಂಡವರು. ಅವರ ಪದಗಳು ಜನರ ನಡುವೆ, ತಾಳ ತಟ್ಟುವವರ ನಡುವೆ ಬೆಳೆದವು. ಆದ್ದರಿಂದ ಕುಣಿತವು ಅವಕ್ಕೆ ಅಪಚಾರವಲ್ಲ. ಗುಡುಗುಡಿಯ ಪದದಲ್ಲಿ ವಿನೋದವೂ ಒಗಟೂ ಬೆರೆತಿರುವುದರಿಂದ ಹೊಸ ಲಯ ಅದಕ್ಕೆ ಚೆನ್ನಾಗಿ ಒಪ್ಪುತ್ತದೆ; ಕೇಳುಗನು ನಗುತ್ತ ನಗುತ್ತಲೇ ದೇಹವೆಂಬ ಗುಡುಗುಡಿಯ ವಿಚಾರಕ್ಕೆ ಬರುತ್ತಾನೆ. ಮಾಳಿಗೆಯ ಪದದ ಮಾತು ಬೇರೆ. ಅಲ್ಲಿ ಕತ್ತಲೆಯಿದೆ, ಮಳೆಯಿದೆ, ಮೇಲೇರಿ ಸೋರಿಕೆಯನ್ನು ನಿಲ್ಲಿಸಲಾರದವನ ಅಸಹಾಯಕತೆಯಿದೆ. ವಾದ್ಯಗಳ ಭಾರ ಹೆಚ್ಚಿದಂತೆ ಆ ಒಂಟಿತನ ಕರಗಿಹೋಗುತ್ತದೆ. ಅಶ್ವತ್ಥರು ನಿಲ್ಲಿಸಿ ನಿಲ್ಲಿಸಿ ಹಾಡಿದಲ್ಲಿ ದೊರೆಯುತ್ತಿದ್ದ ಆಲೋಚನೆಯ ಬಿಡುವು ಇಲ್ಲಿ ಕಡಿಮೆ. ಒಂದನ್ನು ಮೆಚ್ಚಿ ಇನ್ನೊಂದನ್ನು ಮೆಚ್ಚದಿರುವುದು ವಿಮರ್ಶೆಯ ಧರ್ಮವೇ ಹೊರತು ದ್ವೇಷವಲ್ಲ.

ಸಾನಮಾವಿನಂತಹ ಗಡಿನಾಡಿನ ಊರಿನಲ್ಲಿ ಈ ಚರ್ಚೆ ಕೇವಲ ರಸಿಕರದ್ದಲ್ಲ. 2006ರ ಕಾಯ್ದೆಯ ತರುವಾಯ ತಮಿಳುನಾಡಿನ ಶಾಲೆಗಳಲ್ಲಿ ತಮಿಳು ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯವಾಯಿತು. ತಮಿಳನ್ನು ಕಲಿಯುವುದು ಒಳ್ಳೆಯದೇ. ನೆರೆಯ ಭಾಷೆ ನಮಗೆ ಅನ್ನದ ಭಾಷೆಯೂ ಹೌದು. ಆದರೆ ಮನೆಯಲ್ಲಿ ಕನ್ನಡವಾಡುವ ಅನೇಕ ಮಕ್ಕಳು ಇಂದು ಕನ್ನಡದ ಅಕ್ಷರಕ್ಕಿಂತ ಮೊದಲು ಕನ್ನಡದ ಹಾಡನ್ನು ಬಲ್ಲವರಾಗಿದ್ದಾರೆ. ಅಂತಹ ಮಗು ಗಿಟಾರಿನ ಬೆನ್ನೇರಿ ಷರೀಫರ ಬಳಿಗೆ ಬಂದರೆ, “ಇದು ಗದ್ದಲ” ಎಂದು ಅಟ್ಟುವುದು ಹಿರಿತನವೆನಿಸದು. ಬರಿದೆ ಕುಣಿಯಲು ಬಿಟ್ಟು ಸುಮ್ಮನಾಗುವುದೂ ಹಿರಿತನವಲ್ಲ. ಕಾಂಕ್ರೀಟ್ ಮನೆಯಲ್ಲಿ ಬೆಳೆದ ಮಗುವಿಗೆ ಮಣ್ಣಿನ ಮಾಳಿಗೆಯೆಂದರೇನು, ಮಳೆಗೆ ಅದು ಸೋರುವುದು ಹೇಗೆ, ಅದು ಮನಸ್ಸಿಗೆ ಉಪಮೆಯಾದದ್ದು ಹೇಗೆ ಎಂಬುದನ್ನು ಹೇಳಬೇಕಾದವರು ಅಜ್ಜ ಅಜ್ಜಿಯರೇ.

ಹಾಡನ್ನು ಮನೆಬಾಗಿಲಿಗೆ ತಂದ ಕೀರ್ತಿ ರಘು ದೀಕ್ಷಿತರದು. ಅರ್ಥವನ್ನು ಒಳಕ್ಕೆ ಬರಮಾಡಿಕೊಳ್ಳುವ ಹೊಣೆ ಮನೆಯವರದು. ಸಂಘದ ಬಂಧುಗಳು ಈ ಎರಡು ಪದಗಳನ್ನು ಮಕ್ಕಳೊಡನೆ ಕುಳಿತು ಕೇಳಲಿ ಎಂಬುದು ನಮ್ಮ ಆಶಯ.