ಬೆರಳಿಗೆ ಮೊದಲು, ಬಾಯಿಗೆ ಆಮೇಲೆ

ಸಿಗಾರ್ ಸೇದಿದ್ದಕ್ಕಿಂತ ಸಿಗಾರ್ ವಿಮರ್ಶೆಗಳನ್ನು ಓದಿದ್ದೇ ಹೆಚ್ಚು. ಅದೊಂದು ವಿಚಿತ್ರ ಬರವಣಿಗೆ. ಹೊಗೆಯ ಬಗ್ಗೆ ಬರೆಯುವವರು ಹೊಗೆಯೊಂದನ್ನು ಬಿಟ್ಟು ಉಳಿದೆಲ್ಲದರ ಹೆಸರು ಹೇಳುತ್ತಾರೆ: ಚರ್ಮ, ದೇವದಾರು, ಕೋಕೋ, ಒಣದ್ರಾಕ್ಷಿ. ಕೊನೆಗೆ ನೂರಕ್ಕೆ ಇಷ್ಟು ಎಂದು ಅಂಕ. 1992ರಲ್ಲಿ ಶುರುವಾದ ‘ಸಿಗಾರ್ ಅಫಿಸಿಯೊನಾಡೊ’ ಪತ್ರಿಕೆ ಇಂದಿಗೂ ಹಾಗೆಯೇ ಅಂಕ ಹಾಕುತ್ತದೆ. 88 ಬಂದದ್ದಕ್ಕೂ 90 ಬಂದದ್ದಕ್ಕೂ ನಡುವಿನ ಎರಡು ಅಂಕ ಯಾವ ತಪ್ಪಿಗೆ ಹೋದವು ಎಂಬುದು ನನಗೆ ಇನ್ನೂ ಅರ್ಥವಾಗಿಲ್ಲ.

ಈ ವಾರ ಕೈಗೆ ಬಂದದ್ದು ನಿಕರಾಗುವಾದ ಪಾದ್ರೋನ್ ಲೊಂದ್ರೆಸ್. ಐದೂವರೆ ಇಂಚು ಉದ್ದ. ದಪ್ಪ ಒಂದು ಇಂಚನ್ನು 64 ಭಾಗ ಮಾಡಿದರೆ ಅದರಲ್ಲಿ 42. ನಾನು ಓದಲು ಬಂದು ಉಳಿದುಹೋದ ಈ ಅಮೆರಿಕದ ಊರಿನಲ್ಲಿ ಹತ್ತು ಡಾಲರಿನೊಳಗೆ ಸಿಕ್ಕಿತು. ಆ ಮನೆತನದ ಸಿಗಾರ್‌ಗಳಲ್ಲಿ ಇದು ಬಡ ನೆಂಟ.

ಹಚ್ಚುವ ಮೊದಲು ಒತ್ತಿ ನೋಡಿದೆ. ಇದನ್ನು ಕಲಿಸಿದ್ದು ಯಾವ ಪತ್ರಿಕೆಯೂ ಅಲ್ಲ, ಅಮ್ಮ. ದಕ್ಷಿಣ ಕನ್ನಡದ ಎಷ್ಟೋ ಮನೆಗಳಂತೆ ನಮ್ಮದೂ ಬೀಡಿ ಕಟ್ಟುವ ಮನೆ. ಸಾವಿರಕ್ಕೆ ಇಷ್ಟು ಎಂದು ಕೂಲಿ. ಅಮ್ಮ ಜನ್ಮದಲ್ಲಿ ಒಂದು ದಂ ಎಳೆದವಳಲ್ಲ. ಆದರೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದರೆ ಯಾವ ಬೀಡಿ ಉರಿಯುತ್ತದೆ, ಯಾವುದು ಆರುತ್ತದೆ, ಬ್ರಾಂಚ್‌ನಲ್ಲಿ ಯಾವುದನ್ನು ವಾಪಸು ಎಸೆಯುತ್ತಾರೆ ಎಂದು ಹೇಳಿಬಿಡುತ್ತಿದ್ದಳು. ಸಿಗಾರ್‌ನದೂ ಅದೇ ಲೆಕ್ಕ. ಗಟ್ಟಿ ಗಂಟಿದ್ದರೆ ಗಾಳಿ ಹೋಗುವುದಿಲ್ಲ, ಮೆತ್ತಗಿದ್ದರೆ ಬೇಗ ಉರಿದು ಬಾಯಿ ಸುಡುತ್ತದೆ. ಈ ಲೊಂದ್ರೆಸ್ ತುದಿಯಿಂದ ತುದಿಗೆ ಒಂದೇ ಹದದಲ್ಲಿತ್ತು. ಬೆರಳಿನ ಮಟ್ಟಿಗೆ ಅದು ಅಲ್ಲೇ ಪಾಸು.

ಮೊದಲ ಇಂಚಿನಲ್ಲಿ ಹಾಲು ಹಾಕದ ಕಾಫಿ, ಸ್ವಲ್ಪ ಕೋಕೋ. ಇಷ್ಟನ್ನು ಇಂಗ್ಲಿಷ್ ವಿಮರ್ಶಕರೂ ಹೇಳುತ್ತಾರೆ, ಸರಿಯಾಗಿಯೇ ಹೇಳುತ್ತಾರೆ. ಆದರೆ ಹೊಗೆಯನ್ನು ಮೂಗಿನಿಂದ ಬಿಟ್ಟಾಗ ಬಂದದ್ದನ್ನು ಅವರು ಕರಿಮೆಣಸು ಎನ್ನುತ್ತಾರಲ್ಲ, ಅಲ್ಲಿ ನನ್ನ ತಕರಾರಿದೆ. ಅದು ಮೆಣಸಲ್ಲ, ಘಾಟು. ಒಗ್ಗರಣೆಗೆ ಒಣಮೆಣಸು ಬಿದ್ದಾಗ ಅಡುಗೆಮನೆಯವರೆಲ್ಲ ಹೊರಗೆ ಓಡುವಂತೆ ಮಾಡುತ್ತದಲ್ಲ, ಅದರ ಸೌಮ್ಯ ರೂಪ. ಮೆಣಸು ಒಂದು ರುಚಿ. ಘಾಟು ಮೈಗೆ ಆಗುವ ಒಂದು ಘಟನೆ. ಅದಾದ ಮೇಲೆ ನಾಲಿಗೆಯ ಅಂಚಿನಲ್ಲಿ ಎಳೆ ಬಾಳೆಕಾಯಿ ಕಚ್ಚಿದಂತೆ ಒಂದು ಒಗರು ಉಳಿಯುತ್ತದೆ. ಒಳ್ಳೆಯ ವಸ್ತುಗಳಿಗೆ ಹೋಲಿಸಿಯೇ ಬರೆಯಬೇಕೆಂಬ ಹಟವಿದ್ದರೆ ಈ ಒಗರಿಗೆ ಜಾಗ ಸಿಗುವುದಿಲ್ಲ. ನಮ್ಮ ಕಾವ್ಯಮೀಮಾಂಸೆ ರಸ, ಆಸ್ವಾದ ಎಂದು ನಾಲಿಗೆಯಿಂದಲೇ ಸಾಲ ಮಾಡಿದೆ. ಆದರೂ ಒಗರಿನ ಕವಿತೆ ಎಂದು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಇರಲಿ.

ನಡುವೆ ಒಂದು ಬದಿ ಬೇಗ ಉರಿದು ಓರೆಯಾಯಿತು. ತಪ್ಪು ನನ್ನದು, ಆತುರದಿಂದ ಎಳೆದೆ. ಆದರೆ ನಡುಭಾಗದಲ್ಲಿ ರುಚಿ ಎಲ್ಲಿಗೂ ಹೋಗದೆ ನಿಂತಲ್ಲೇ ನಿಂತದ್ದಕ್ಕೆ ನಾನು ಹೊಣೆಯಲ್ಲ. ಕಾಫಿ, ಮತ್ತೆ ಕಾಫಿ. ಬಾಯಲ್ಲಿ ಉಳಿಯುವ ಪರಿಮಳವೂ ಗಿಡ್ಡ. ಅಗ್ಗ ಎಂಬುದು ಕಾಣುವುದು ಇಲ್ಲಿ. ಈ ಸಾಲಿನ ಸಿಗಾರ್‌ಗಳ ಎಲೆಯನ್ನು ಎರಡೂವರೆ ವರ್ಷ ಮಾಗಿಸುತ್ತಾರೆ. ಅದೇ ಮನೆಯ ದುಬಾರಿ ‘1964 ಆನಿವರ್ಸರಿ’ ಸಾಲಿಗೆ ನಾಲ್ಕು ವರ್ಷ. ಎರಡೂ ನಿಕರಾಗುವಾದ್ದೇ ಎಲೆ, ಎರಡನ್ನೂ ಕೈಯಲ್ಲೇ ಸುತ್ತುತ್ತಾರೆ. ನಾನು ಉಳಿಸಿದ ಹಣದಲ್ಲಿ ದೊಡ್ಡ ಪಾಲು ಆ ಒಂದೂವರೆ ವರ್ಷದ ಕಾಯುವಿಕೆ. ಕೈಕೆಲಸದಲ್ಲಿ ಮಾತ್ರ ನನಗೆ ಏನೂ ಕಡಿಮೆ ಕಾಣಲಿಲ್ಲ.

ಕಾಯುವುದು ಆ ನೆಲದಲ್ಲಿ ಸುಲಭವೂ ಆಗಿರಲಿಲ್ಲ. ಕ್ಯೂಬಾ ಬಿಟ್ಟು ಬಂದ ಹೊಸೆ ಓರ್ಲಾಂದೊ ಪಾದ್ರೋನ್ 1964ರಲ್ಲಿ ಮಯಾಮಿಯಲ್ಲಿ ಶುರುಮಾಡಿ, 1970ರಲ್ಲಿ ನಿಕರಾಗುವಾಕ್ಕೆ ಹೋದರು. 1978ರಲ್ಲಿ, ಸೊಮೊಸಾ ವಿರುದ್ಧದ ದಂಗೆಯ ದಿನಗಳಲ್ಲಿ, ಎಸ್ತೆಲಿಯ ಕಾರ್ಖಾನೆ ಸುಟ್ಟುಹೋಯಿತು. 1985ರಲ್ಲಿ ಅಮೆರಿಕ ನಿಕರಾಗುವಾದ ಮೇಲೆ ವ್ಯಾಪಾರ ನಿರ್ಬಂಧ ಹೇರಿತು, 1990ರವರೆಗೆ. ನಾಲ್ಕು ವರ್ಷ ಎಲೆಯನ್ನು ಗೋದಾಮಿನಲ್ಲಿ ಮಲಗಿಸಬೇಕಾದರೆ ನಾಲ್ಕು ವರ್ಷ ಗೋದಾಮು ನಿಂತಿರಬೇಕು. ಎಸ್ತೆಲಿಯ ಕಾರ್ಖಾನೆಗಳಲ್ಲಿ ಸಾಮಾನ್ಯವಾಗಿ ಜೋಡಿಯಾಗಿ ಕೂರುತ್ತಾರೆ: ಒಬ್ಬರು ಒಳಗಿನ ಎಲೆಗಳನ್ನು ಕಟ್ಟುಮಾಡುತ್ತಾರೆ, ಇನ್ನೊಬ್ಬರು, ಹೆಚ್ಚಾಗಿ ಹೆಂಗಸು, ಹೊರ ಎಲೆ ಸುತ್ತುತ್ತಾರೆ. ರುಚಿಯ ಪಟ್ಟಿ ಬರೆಯುವ ವಿಮರ್ಶೆಗಳಲ್ಲಿ ಈ ಎರಡನೆಯವಳಿಗೆ ‘ಕಟ್ಟು ಚೆನ್ನಾಗಿದೆ’ ಎಂಬ ಎರಡು ಪದ ಸಿಕ್ಕರೆ ಹೆಚ್ಚು.

ಅಮ್ಮನಿಗೆ ವೀಡಿಯೋ ಕಾಲ್‌ನಲ್ಲಿ ತೋರಿಸಿದೆ. ಸೇದಿದ್ದಕ್ಕೆ ಬೈದಳು. ತಂಬಾಕಿನ ದೂಳಿನಲ್ಲಿ ಇಪ್ಪತ್ತು ವರ್ಷ ಕೆಮ್ಮಿದವಳಿಗೆ ಆ ಹಕ್ಕಿದೆ, ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ, “ಹತ್ತಿರ ಹಿಡಿ ಮಾರಾಯ, ತಲೆ ಹೇಗೆ ಮುಚ್ಚಿದ್ದಾರೆ ನೋಡುವ” ಎಂದಳು. ಹಿಡಿದೆ. ತುಂಬ ಹೊತ್ತು ನೋಡಿ, “ನೂಲೇ ಇಲ್ಲವಲ್ಲ” ಎಂದಳು.

ಕೊನೆಯ ಇಂಚಿನಲ್ಲಿ ಒಗರು ಹೋಗಿ ಬರೀ ಕಹಿ ಬಂತು, ಅಲ್ಲಿಗೆ ಬಿಟ್ಟೆ. ಮತ್ತೆ ಕೊಳ್ಳುತ್ತೇನೆಯೇ ಎಂದರೆ, ವರ್ಷಕ್ಕೆ ಒಂದೆರಡು, ಊಟವಾದ ಮೇಲೆ. ಖಾಲಿ ಹೊಟ್ಟೆಯಲ್ಲಿ ಹಚ್ಚಬೇಡಿ, ತಲೆ ತಿರುಗುತ್ತದೆ.